ಅಂಗೈಯಲ್ಲಿ ತೂಗಿದ ಎಸ್‌ಎಂಪಿಎಸ್

ನನ್ನ ಮಾವನವರ ಮನೆಯಲ್ಲಿ ಹೋಳಿಗೆಯ ಮೇಲೆ ತುಪ್ಪ ಹಾಕುವ ಹಕ್ಕು ಮಾವನವರೊಬ್ಬರದೇ. ಹೂರಣ ರುಬ್ಬುವುದು ಅತ್ತೆ, ಬಡಿಸುವುದು ಹೆಣ್ಣುಮಕ್ಕಳು, ತುಪ್ಪದ ಗಿಂಡಿ ಮಾತ್ರ ಅವರ ಕೈಯಲ್ಲಿ. ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದು, ಪುಣೆ ಹತ್ತಿರದ ದೌಂಡಿನಲ್ಲೇ ನಿವೃತ್ತರಾಗಿ, ಅಲ್ಲೇ ಮನೆ ಕಟ್ಟಿಸಿಕೊಂಡಿದ್ದ ಮನುಷ್ಯ. ಹಸಿರು ಬಾವುಟ ಎತ್ತುವಷ್ಟೇ ಗಂಭೀರವಾಗಿ ಗಿಂಡಿ ಎತ್ತುತ್ತಿದ್ದರು. ಮೊದಲ ಧಾರೆ ಹಿರಿಯ ಅಳಿಯನಿಗೆ. ಹಿರಿಯ ಅಳಿಯ ನಾನು. ಮದುವೆಯಾದಾಗಿನಿಂದ ಆ ಧಾರೆ ನನ್ನದೇ, ಅದರಲ್ಲಿ ಯಾರಿಗೂ ಪಾಲಿರಲಿಲ್ಲ.

ಆಮೇಲೆ ನನ್ನ ಹೆಂಡತಿಯ ತಂಗಿಯನ್ನು ಮದುವೆಯಾಗಿ ಷಡ್ಡಕ ಬಂದ.

ಅವನು ಪುಣೆಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ತೆಳ್ಳಗೆ, ಬೆಳ್ಳಗೆ, ಮಾತು ಕಡಿಮೆ, ಅಂಗಿಯ ಜೇಬಿನಲ್ಲಿ ಯಾವಾಗಲೂ ಸಾಲಾಗಿ ಪೆನ್ನುಗಳು. ಅಂಥವನ ಮೇಲೆ ಹೊಟ್ಟೆಕಿಚ್ಚು ಪಡುವುದೇ ನನ್ನಂಥವನಿಗೆ ಅವಮಾನ. ನಾನು ಅದೇ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ದಲಾಲಿ. ನಮ್ಮ ಮುಧೋಳದ ಕಡೆಯದಿರಲಿ, ಕೊಲ್ಲಾಪುರದ್ದಿರಲಿ, ಬೆಲ್ಲದ ಪೆಂಟೆ ತಂದು ಅಂಗೈ ಮೇಲಿಟ್ಟರೆ ಸಾಕು, ತೂಕ ಹೇಳುತ್ತಿದ್ದೆ. ಆಮೇಲೆ ತಕ್ಕಡಿಯಲ್ಲಿಟ್ಟು ನೋಡಿದವರು ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು. ತೂಕ ಹೆಚ್ಚಲೆಂದು ಒಳಗೆ ಕಲ್ಲು ಸೇರಿಸಿ ಕಟ್ಟಿದ ಪೆಂಟೆಯೋ? ಅಂಗೈ ಮೇಲೆ ಒಂದು ಸುತ್ತು ತಿರುಗಿಸಿದರೆ ಭಾರ ಒಂದು ಕಡೆ ವಾಲುತ್ತದೆ, ಕಳ್ಳತನ ಬಯಲು. ಇಡೀ ಯಾರ್ಡಿನಲ್ಲಿ ಇಂಥ ಕೈ ಇನ್ನೊಂದಿರಲಿಲ್ಲ. ಇದು ಜಂಬವಲ್ಲ. ಜಂಬವಾದರೂ ನಿಜವಾದ ಜಂಬ.

ಷಡ್ಡಕನಿಗೆ ಅಂಥ ಕೈ ಇರಲಿಲ್ಲ, ಕಂಪ್ಯೂಟರ್ ಇತ್ತು. ಕೊಂಡದ್ದಲ್ಲ, ಸ್ವತಃ ಕಟ್ಟಿದ್ದು. ಊರೊಳಗೆ ಬುಧವಾರ ಪೇಟೆ ಎಂಬ ಓಣಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಂದೊಂದೇ ಭಾಗ ಹುಡುಕಿ ತಂದು ಮನೆಯಲ್ಲೇ ಜೋಡಿಸಿದ್ದ. ಜೋಡಿಸಿ ಸುಮ್ಮನೆ ಕೂತನೇ? ಇಲ್ಲ. ಕಂಪನಿಯವರು ಇಷ್ಟು ವೇಗ ಎಂದು ಕಟ್ಟಿ ಕಳಿಸಿದ ಪ್ರೊಸೆಸರನ್ನು ಅದಕ್ಕಿಂತ ಜೋರಾಗಿ ಓಡಿಸುವ ವಿದ್ಯೆಯೊಂದಿದೆ, ಓವರ್‌ಕ್ಲಾಕ್ ಎನ್ನುತ್ತಾರೆ. ಅದನ್ನೂ ಕಲಿತ. ಮದುವೆ ಮುಂಜಿವೆಗಳ ವಿಡಿಯೊ ಕ್ಯಾಸೆಟ್ಟುಗಳನ್ನು ಸಿಡಿಗೆ ಇಳಿಸಿಕೊಡತೊಡಗಿದ. ನೆಂಟರಿಷ್ಟರ ಮನೆಗಳಲ್ಲೆಲ್ಲ ಅವನದೇ ಮಾತು. ನಾನು ಸುಮ್ಮನಿರಲಾರದೆ ಅವನ ಮನೆಗೆ ಹೋದಾಗ ಮೌಸಿನ ಹೊಟ್ಟೆಯೊಳಗಿನ ಗುಂಡು ತೆಗೆದು ಶೇಂಗಾ ಉಂಡಿಯ ಡಬ್ಬಿಯಲ್ಲಿ ಮುಚ್ಚಿಟ್ಟು ಬಂದೆ. ಅವನು ಬಾಣದ ಗುರುತು ಅಲುಗುತ್ತಿಲ್ಲವೆಂದು ಸಾಫ್ಟ್‌ವೇರನ್ನೆಲ್ಲ ಅಳಿಸಿ ಮತ್ತೆ ಹಾಕಿದನಂತೆ. ಗುಂಡು ಸಿಕ್ಕಿದ್ದು ಅವನ ಹೆಂಡತಿಯ ಹಲ್ಲಿಗೆ. ಆ ವಾರವೆಲ್ಲ ನನಗೆ ಊಟ ರುಚಿಸಿತು.

ಆದರೆ ರುಚಿ ಬಹಳ ದಿನ ಉಳಿಯಲಿಲ್ಲ. ಒಂದು ರವಿವಾರ ದೌಂಡಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಮಾವ ಗಿಂಡಿ ಹಿಡಿದು ಬಂದರು. ನಾನು ಹೋಳಿಗೆಯನ್ನು ಎಲೆಯ ನಡುವಿಗೆ ಸರಿಸಿ, ತುಪ್ಪ ನಿಲ್ಲುವಂತೆ ಬೆರಳಿನಿಂದ ಸಣ್ಣ ಕುಳಿ ಮಾಡಿ ಕಾದೆ.

"ಸಣ್ಣ ಅಳಿಯಂದ್ರ, ನಿಮ್ಮ ಮಷೀನ್ ಈಗ ಎಷ್ಟ್ ಸ್ಪೀಡ್ ಹೊಂಟದ?" ಎಂದು ಕೇಳುತ್ತ ಮಾವ ನನ್ನ ಎಲೆ ದಾಟಿ ಮುಂದೆ ಹೋದರು. ಗಿಂಡಿ ಬಾಗಿತು. ಅವನ ಎಲೆಯ ಮೇಲೆ.

"ಕಂಪನಿ ಲೆಕ್ಕಕ್ಕಿಂತ ಭಾಳ ಏರ್ಸೀನ್ರಿ ಮಾವಾರ," ಎಂದ ಅವನು, ತುಪ್ಪ ಬೀಳುತ್ತಿರುವುದನ್ನು ನೋಡದೆಯೇ. ನೋಡಿ ಖುಷಿಪಟ್ಟಿದ್ದರೂ ಕ್ಷಮಿಸುತ್ತಿದ್ದೆ.

"ನಮ್ಮ ಡ್ರೈವರಗೋಳು ಹಿಂಗ ಏರ್ಸಿದ್ರ ಸಸ್ಪೆಂಡ್ ಆಗ್ತಿದ್ರು ನೋಡ್ರಿ!" ಎಂದು ಮಾವ ನಕ್ಕರು. ನಕ್ಕು, ಹೆಮ್ಮೆಯಿಂದ ಇನ್ನೊಂದಿಷ್ಟು ಸುರಿದರು.

ನನ್ನ ಪಾಲಿಗೂ ಬಂತು, ಬರಲಿಲ್ಲವೆಂದಲ್ಲ. ಆದರೆ ಎರಡನೆಯದು ಎರಡನೆಯದೇ. ಸಂಜೆ ಪುಣೆಗೆ ಮರಳುವಾಗ ರೈಲಿನಲ್ಲಿ ಹೆಂಡತಿ ನನ್ನ ಮುಖ ನೋಡಿ, "ತುಪ್ಪದ ಸಲುವಾಗಿ ಹಿಂಗ ಮಾರಿ ಗಂಟ್ ಹಾಕ್ಕೊಂಡ್ ಕುಂತ್ರ ಹೆಂಗ್ರಿ? ಮನಿಗೆ ಹೋಗಿ ಸೌಟ್ ತುಂಬ ಹಾಕ್ತೀನಿ, ತಿನ್ನೀರಂತ," ಎಂದಳು.

"ಅದು ಬ್ಯಾರೆ, ಇದು ಬ್ಯಾರೆ," ಎಂದೆ. ಅವಳಿಗೂ ಗೊತ್ತಿತ್ತು.

ಮುಂದಿನ ಸಲ ಹೋದಾಗ ಇದಕ್ಕಿಂತ ದೊಡ್ಡ ಏಟು ಕಾದಿತ್ತು. ಊಟದ ನಡುವೆಯೇ ಅತ್ತೆ ಕಪಾಟಿನಿಂದ ಒಂದು ವಿಡಿಯೊ ಕ್ಯಾಸೆಟ್ ತೆಗೆದು ತಂದರು. ನನ್ನ ಮದುವೆಯದು. ಮಳೆಗಾಲದ ತೇವಕ್ಕೆ ಟೇಪಿನ ಅಂಚಿಗೆಲ್ಲ ಬಿಳಿ ಬೂಸು ಹಿಡಿದಿತ್ತು. ನನ್ನ ಮದುವೆಯ ಮೇಲೆ ಬೂಸು ಬಂದರೆ ಅತ್ತೆ ಕಣ್ಣೀರು ಹಾಕುವವರಲ್ಲ. ಅವರ ಚಿಂತೆ ಬೇರೆ. ಆ ಕ್ಯಾಸೆಟ್ಟಿನಲ್ಲಿ ಅವರ ಅವ್ವ ಇದ್ದರು. ಆ ಮುದುಕಿ ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಒಳಗೆ ಓಡುವವಳು, ಒಂದೇ ಒಂದು ಫೋಟೊ ಕೊಟ್ಟವಳಲ್ಲ. ನನ್ನ ಮದುವೆಯಲ್ಲಿ ಮಾತ್ರ ಹೆಂಗಸರ ನಡುವೆ ಕೂತು, ಯಾರೋ ಚಿತ್ರ ತೆಗೆಯುತ್ತಿದ್ದಾರೆಂಬುದನ್ನೇ ಮರೆತು ಹಾಡಿದ್ದಳು. ಅದಾದ ಮುಂದಿನ ವರ್ಷ ತೀರಿಕೊಂಡಳು. ಅವಳ ಮುಖ, ಅವಳ ದನಿ, ಜಗತ್ತಿನಲ್ಲಿ ಉಳಿದದ್ದು ಆ ಬೂಸು ಹಿಡಿದ ಟೇಪಿನಲ್ಲಿ ಮಾತ್ರ. ವಿಸಿಆರ್ ರಿಪೇರಿಯವನು ಟೇಪನ್ನು ಒರೆಸಿ ಕೊಟ್ಟು, ಇನ್ನೊಂದೇ ಸಲ ಹಾಕಿ ನೋಡಿ, ಆಮೇಲೆ ಇದು ಉಳಿದರೆ ನಿಮ್ಮ ಪುಣ್ಯ ಎಂದಿದ್ದನಂತೆ.

ಅಂದರೆ ಆ ಒಂದು ಸಲದಲ್ಲೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ನಡುವೆ ಯಂತ್ರ ನಿಂತರೆ ಮುದುಕಿ ಹೋದಂತೆ, ಎರಡನೆಯ ಸಲ.

"ತೊಗೋರಿ, ನಿಮ್ಮ ಮಷೀನ್ ಚಲೋ ಅದ," ಎಂದು ಮಾವ ಕ್ಯಾಸೆಟ್ಟನ್ನು ಷಡ್ಡಕನ ಕಡೆಗೆ ಚಾಚಿದರು.

ನಾನು ಎಂಜಲು ಕೈಯಲ್ಲೇ ಎದ್ದು ನಿಂತೆ. "ಮಾವಾರ! ನನ್ನ ಮದಿವಿ ಅದು!"

"ಹೌದ್ರಿ, ಯಾರ್ ಇಲ್ಲ ಅಂದ್ರು?"

"ನನ್ನ ಮದಿವಿ ನನ್ನ ಮಷೀನ್‌ದಾಗ ಇಳೀಬೇಕು. ನನಗೂ ಕಂಪ್ಯೂಟರ್ ಅದ. ಇವ್ರದಕ್ಕಿಂತ ಜೋರ್ ಓಡ್ತದ."

ಓಡುತ್ತಿರಲಿಲ್ಲ. ಷಡ್ಡಕ ಕಟ್ಟಿದನೆಂಬ ಹೊಟ್ಟೆಕಿಚ್ಚಿಗೆ ನಾನೂ ಒಂದು ಕಟ್ಟಿಸಿಕೊಂಡಿದ್ದೆ ನಿಜ, ಆದರೆ ಅದು ಯಾರ್ಡಿನ ಎತ್ತಿನಗಾಡಿಯ ಹಾಗೆ ಮರ್ಯಾದೆಯಿಂದ ನಡೆಯುತ್ತಿತ್ತು. ಷಡ್ಡಕನಿಗೆ ಇದು ಗೊತ್ತಿತ್ತು. ಪಾಪ, ಬಾಯಿ ಬಿಡಲಿಲ್ಲ. ಅವನ ಆ ಸಜ್ಜನಿಕೆಯನ್ನು ಕಂಡರೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಮಾವ ಒಮ್ಮೆ ಅವನ ಮುಖ, ಒಮ್ಮೆ ನನ್ನ ಮುಖ ನೋಡಿ ಕ್ಯಾಸೆಟ್ಟನ್ನು ಹಿಂದಕ್ಕೆ ಎಳೆದುಕೊಂಡರು. "ಹೊಸಾ ಎಂಜಿನ್ ಬಂದ್ರ ನಾವು ಮೊದ್ಲ ಖಾಲಿ ಡಬ್ಬಿ ಜೋಡಿಸಿ ಓಡಿಸಿ ನೋಡ್ತೀವಿ, ಮಂದೀನ ಆಮ್ಯಾಲ ಕೂಡಸ್ತೀವಿ. ಮುಂದಿನ ರವಿವಾರ ಇಬ್ರೂ ನಿಮ್ಮ ನಿಮ್ಮ ಮಷೀನ್ ತೊಗೊಂಡ ಬರ್ರಿ. ಟ್ರಯಲ್ ಆಗ್ಲಿ. ಯಾವ್ದು ನಿಲ್ಲದಂಗ ಓಡ್ತದ, ಅದರಾಗ ಮುದುಕಿ ಕೂಡ್ತಾಳ."

ಟ್ರಯಲ್ಲಿಗೆ ಯಾವ ಕ್ಯಾಸೆಟ್ ಎಂದರೆ, ರೈಲ್ವೆಯವರ ಗಣಪತಿ ಉತ್ಸವದಲ್ಲಿ ಮಾವ ರಾಜನ ಪಾರ್ಟು ಮಾಡಿದ ನಾಟಕದ್ದು. "ಅದು ಹರದ್ರೂ ಯಾರೂ ಅಳಂಗಿಲ್ಲ," ಎಂದರು ಅತ್ತೆ.

ಸೋಮವಾರ ನಾನು ಯಾರ್ಡಿನ ಕೆಲಸ ಬಿಟ್ಟು ಬುಧವಾರ ಪೇಟೆಗೆ ಓಡಿದೆ. ನನ್ನ ಯಂತ್ರ ಕಟ್ಟಿಕೊಟ್ಟಿದ್ದ ಅಂಗಡಿಯವನಿಗೆ, ಷಡ್ಡಕನದು ಎಷ್ಟು ಏರಿದೆಯೋ ಅದಕ್ಕಿಂತ ಒಂದು ಮೆಟ್ಟಿಲು ಮೇಲಕ್ಕೆ ಏರಿಸು ಎಂದೆ. ಯಾಕೆ ಎಂದು ಕೇಳಿದ. ತುಪ್ಪದ ಸಲುವಾಗಿ ಎಂದರೆ ಅವನಿಗೇನು ತಿಳಿಯಬೇಕು? ಏರಿಸಿದ. ಯಂತ್ರ ಶುರುವಾಯಿತು, ಪರದೆಯ ಮೇಲೆ ಚಿತ್ರವೂ ಬಂತು. ಪರೀಕ್ಷೆಗೆ ಅಂಗಡಿಯದೇ ಒಂದು ವಿಡಿಯೊ ಬರೆಯಲೆಂದು ಹಾರ್ಡ್ ಡಿಸ್ಕ್ ತಿರುಗತೊಡಗಿದ ಕೂಡಲೇ ಟಪ್ ಎಂದು ಕತ್ತಲು, ಮತ್ತೆ ಮೊದಲಿನಿಂದ ಆರಂಭ. ಹತ್ತಿದ ಮೆಟ್ಟಿಲಿನಿಂದ ಜಾರಿ ಜಾರಿ ಬೀಳುವ ಕುಡುಕನ ಹಾಗೆ.

"ಎಸ್‌ಎಂಪಿಎಸ್ ಸಾಲದು," ಎಂದ ಅಂಗಡಿಯವನು. ಕಂಪ್ಯೂಟರಿನ ಹಿಂಭಾಗದಲ್ಲಿ ಫ್ಯಾನು ಗುರ್ರೆನ್ನುವ ಕಬ್ಬಿಣದ ಡಬ್ಬಿಯೊಂದಿರುತ್ತದೆ. ಗೋಡೆಯ ಕರೆಂಟು ತೆಗೆದುಕೊಂಡು ಒಳಗಿನ ಎಲ್ಲರಿಗೂ ಹಂಚಿ ಬಡಿಸುವುದು ಅದೇ. ವೇಗ ಏರಿಸಿದರೆ ಪ್ರೊಸೆಸರಿನ ಹಸಿವೂ ಏರುತ್ತದೆ. ಬಡಿಸುವವನ ಪಾತ್ರೆ ಸಣ್ಣದಾದರೆ ಪಂಕ್ತಿಯೇ ಎದ್ದುಹೋಗುತ್ತದೆ. ಇದು ನನಗೆ ಕೂಡಲೇ ಅರ್ಥವಾಯಿತು. ಬಡಿಸುವ ವಿಷಯದಲ್ಲಿ ನಾನು ಆಗ ಬಹಳ ಸೂಕ್ಷ್ಮವಾಗಿದ್ದೆ.

ಅಲ್ಲೇ ನಾಲ್ಕು ಹೆಜ್ಜೆಗೆ ಎಸ್‌ಎಂಪಿಎಸ್‌ಗಳನ್ನೇ ಗುಡ್ಡೆ ಹಾಕಿಕೊಂಡ ಅಂಗಡಿ. ಒಳಗೆ ಕಾಲಿಟ್ಟರೆ ಯಾರಿದ್ದಾರೆ? ಷಡ್ಡಕ. ಒಂದು ಡಬ್ಬಿಯನ್ನು ಬೆಳಕಿಗೆ ಹಿಡಿದು, ಅದರ ಚೀಟಿಯನ್ನು ಮೂಗಿನ ಹತ್ತಿರಕ್ಕೆ ತಂದು ಓದುತ್ತಿದ್ದಾನೆ.

"ಅಯ್ಯ, ಅಣ್ಣಾರ! ನೀವಿಲ್ಲಿ?"

"ನಿಮ್ಮ ಸಲುವಾಗೇ ಬಂದೀನ್ರಿ. ಒಬ್ರ ಬಂದಿರ್ತೀರಿ, ಪ್ಯಾಟ್ಯಾಗ ಯಾರರೆ ಟೋಪಿ ಹಾಕ್ಯಾರು ಅಂತ."

"ಚಲೋ ಆತು ನೋಡ್ರಿ. ನಂದೂ ಒಮ್ಮೊಮ್ಮೆ ತೊದಲಾಕತ್ತದ. ರವಿವಾರ ಅತ್ತ್ಯಾರ ಮುಂದ ನಿಂತ್ರ ಮರ್ಯಾದಿ ಏನ್ ಉಳೀತದ್ರಿ?"

ಅವನದೂ ತೊದಲುತ್ತದೆ ಎಂದು ಕೇಳಿ ನನಗಾದ ಸಮಾಧಾನವನ್ನು ಮುಚ್ಚಿಕೊಳ್ಳಲು ಕೆಮ್ಮಬೇಕಾಯಿತು.

ಅವನು ಚೀಟಿ ತೋರಿಸಿದ. "ದೊಡ್ಡಕ್ಷರದಾಗ ಬರದ ವ್ಯಾಟ್ಸ್ ನೋಡಬಾರದ್ರಿ. ಕೆಳಗ ಸಣ್ಣಕ್ಷರದಾಗ ಯಾವ ತಂತಿಗೆ ಎಷ್ಟ್ ಆಂಪಿಯರ್ ಅಂತ ಇರ್ತದಲ್ಲ, ಅದನ್ನ ನೋಡಬೇಕು. ಪಾಲಿಸಿ ಓದಿದಂಗ."

"ಬರದದ್ದೆಲ್ಲಾ ಖರೇ ಆಗಿದ್ರ ನಿಮ್ಮ ಆಫೀಸಿನ ಮುಂದ ಮಂದಿ ಯಾಕ ಜಗಳಾಡ್ತಾರ್ರಿ?" ಎಂದು ನಾನು ಅಂಗಡಿಯವನ ಕಡೆ ತಿರುಗಿದೆ.

ಒಂದೊಂದೇ ಡಬ್ಬಿ ತೆಗೆದು ಅಂಗೈ ಮೇಲಿಟ್ಟೆ. ಒಳಗೆ ತಾಮ್ರದ ಸುರುಳಿ ದಪ್ಪಗಿದ್ದರೆ, ಶಾಖ ಹೀರುವ ಲೋಹ ಧಾರಾಳವಾಗಿದ್ದರೆ ಡಬ್ಬಿ ಭಾರ ಇರಲೇಬೇಕು. ಈ ಮಾತನ್ನು ಆ ಪೇಟೆಯಲ್ಲಿ ಎಲ್ಲರೂ ಒಪ್ಪುತ್ತಿದ್ದರು. ಆದರೆ ಒಪ್ಪುವವರ ಕೈಯೆಲ್ಲ ನನ್ನ ಕೈಯೇ? ಹಗುರಾದವನ್ನು ಬದಿಗಿಟ್ಟೆ. ಭಾರದವನ್ನು ಕಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ಬಾರಿಸಿದೆ. ಫ್ಯಾನಿನ ಜಾಲರಿಗೆ ಮೂಗಿಟ್ಟು ವಾಸನೆ ನೋಡಿದೆ. ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ.

"ಕಾಕಾ, ಹಾ ಗೂಳ್ ನಾಹೀ!" ಎಂದ. ಇದು ಬೆಲ್ಲವಲ್ಲ ಕಾಕಾ ಎಂದು.

"ಬೆಲ್ಲ ಅಲ್ಲ ಅಂತ ನನಗೂ ಗೊತ್ತು," ಎಂದು ನಾನು ಮರಾಠಿಯಲ್ಲೇ ಹೇಳಿದೆ, "ನಿನ್ನ ಚೀಟಿ ಸುಳ್ಳು ಹೇಳಬಹುದು, ನನ್ನ ಕೈ ಹೇಳುವುದಿಲ್ಲ."

ಕೊನೆಗೆ ಒಂದು ಸಿಕ್ಕಿತು. ಅಂಗೈ ಮೇಲಿಟ್ಟರೆ ಮೊಣಕೈ ತಾನಾಗಿ ಬಾಗಬೇಕು, ಅಂಥ ತೂಕ. ಕಲ್ಲು ಸೇರಿಸಿದ ಪೆಂಟೆಯೇನೋ ಎಂದು ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲೂ ವಾಲಲಿಲ್ಲ. ಸಮತೂಕ. ದೇವರ ಪೀಠದ ಹಾಗೆ ಕೂತಿತ್ತು. ಷಡ್ಡಕ ಅತ್ತ ತಿರುಗಿದ್ದಾಗ ಅವನು ಆರಿಸಿಕೊಂಡಿದ್ದನ್ನೂ ಎತ್ತಿ ನೋಡಿದೆ. ಗುಬ್ಬಿಮರಿ! ಚೀಟಿ ಮಾತ್ರ ಉದ್ದ. ನನಗೆ ಕುಣಿಯಬೇಕೆನಿಸಿತು.

ನನ್ನ ಯಂತ್ರಕ್ಕೆ ಅದನ್ನು ಹಾಕಿಸಿ ನೋಡಿದರೆ ತಕ್ಷಣ ಕತ್ತಲಾಗುವುದು ನಿಂತಿತ್ತು. ಹೆಚ್ಚು ಹೊತ್ತು ಪರೀಕ್ಷಿಸಲಿಲ್ಲ. ಕೈ ಹೇಳಿದ ಮೇಲೆ ಪರೀಕ್ಷೆ ಯಾಕೆ?

ರವಿವಾರ ಬೆಳಗಿನ ರೈಲಿಗೆ ಎರಡೂ ಸಂಸಾರ ಕೂಡಿ ಹೊರಟೆವು. ನಾನು ನನ್ನ ಯಂತ್ರವನ್ನು ಬೆಲ್ಲದ ಗೋಣಿಯಲ್ಲಿ ಸುತ್ತಿಕೊಂಡಿದ್ದೆ. ಮಾನಿಟರ್ ಒಂದಿದ್ದರೆ ಸಾಕಲ್ಲ, ನಿಮ್ಮದೇ ತನ್ನಿ ಎಂದು ಆ ಭಾರವನ್ನೂ ಷಡ್ಡಕನ ಹೆಗಲಿಗೆ ಹಾಕಿದ್ದೆ. ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿನೊಳಕ್ಕೆ ತರುವ ಕಾರ್ಡು ಇದ್ದದ್ದೂ ಅವನ ಹತ್ತಿರ ಮಾತ್ರ. ಎರಡು ಯಂತ್ರಕ್ಕೂ ಅದೇ. ರೈಲಿನ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಎದುರು ಕೂತ ಹೆಂಗಸಿನ ಕಡೆ ಬಾಗಿ, ಷಡ್ಡಕನ ಪೆಟ್ಟಿಗೆಯ ಹಿಂದಿನ ಗಾಳಿತೂತು ತೋರಿಸಿ, ಮರಾಠಿಯಲ್ಲಿ ಮೆಲ್ಲಗೆ, "ಗಾಬರಿಯಾಗಬೇಡಿ ತಾಯಿ, ನಾಗರಹಾವು ಈಗ ಮಲಗಿದೆ," ಎಂದೆ. ಆ ಬೆಂಚು ಪೂರ್ತಿ ಖಾಲಿಯಾಯಿತು. ಷಡ್ಡಕ ಮಾತ್ರ, ನನ್ನ ಹತ್ತಿರ ಯಾಕೆ ಯಾರೂ ಕೂರುತ್ತಿಲ್ಲವೆಂದು ಅಂಗಿಯ ಕಂಕುಳ ಮೂಸಿ ನೋಡಿಕೊಳ್ಳುತ್ತಿದ್ದ.

ದೌಂಡಿನ ಮನೆಯ ಪಡಸಾಲೆಯಲ್ಲಿ ಮೇಜು ಸಿದ್ಧವಾಗಿತ್ತು. ಮಾವ ಪೆಟ್ಟಿಗೆಯಿಂದ ಹಳೆಯ ಹಸಿರು ಬಾವುಟ ತೆಗೆದಿಟ್ಟುಕೊಂಡಿದ್ದರು. ಅತ್ತೆ ಎರಡೂ ಯಂತ್ರಗಳಿಗೆ ಕುಂಕುಮ ಹಚ್ಚಿದರು. ಮದುವೆಯ ಕ್ಯಾಸೆಟ್ಟು ಅವರ ಸೆರಗಿನ ಮರೆಯಲ್ಲಿತ್ತು, ಕೆಳಗಿಡಲಿಲ್ಲ.

ಹಿರಿಯನೆಂದು ಮೊದಲ ಸರದಿ ನನಗೆ. ಮಾವ ಬಾವುಟ ಬೀಸಿದರು. ವಿಸಿಆರ್ ತಿರುಗಿತು, ಪರದೆಯ ಮೇಲೆ ಮಾವ ರಾಜರಾಗಿ ಮೀಸೆ ತಿರುವುತ್ತ ಬಂದರು.

"ಏನ್ ಮೀಸಿ ರೀ ಅಪ್ಪಾ!" ಎಂದಳು ಷಡ್ಡಕನ ಹೆಂಡತಿ, ನನ್ನ ನಾದಿನಿ.

ರಾಜ ಕತ್ತಿ ಹಿರಿದ. ಟಪ್. ಕತ್ತಲು.

ಮತ್ತೆ ಹಚ್ಚಿದೆ. ರಾಜ ಮತ್ತೆ ಮೀಸೆ ತಿರುವಿದ, ಕತ್ತಿಗೆ ಕೈ ಹಾಕಿದ. ಟಪ್.

"ಈ ರಾಜಾ ಯುದ್ಧಕ್ಕ ಹೋಗೂದ ಇಲ್ಲ ಕಾಣಸ್ತದ," ಎಂದರು ಅತ್ತೆ.

"ಎಂಜಿನ್ ಫೇಲ್," ಎಂದರು ಮಾವ.

ಷಡ್ಡಕನ ಸರದಿ. ಅವನ ಯಂತ್ರ ಓಡಿತು. ರಾಜ ಕತ್ತಿ ಹಿರಿದ, ಬೀಸಿದ, ಮಂತ್ರಿಯೊಡನೆ ಮಾತಾಡಿದ, ಹಾಡಿದ ಕೂಡ. ನಾನು ಮೂಲೆಯಲ್ಲಿ ನಿಂತು ಎಲ್ಲ ದೇವರಿಗೂ ಕೈಮುಗಿಯುತ್ತಿದ್ದೆ, ನಿಲ್ಲಲಿ ನಿಲ್ಲಲಿ ಎಂದು. ಮಾವನ ಮುಖ ಅರಳುತ್ತ ಹೋಗುವುದನ್ನು ನೋಡಲಾಗಲಿಲ್ಲ. ಆಗ ಯಾವ ದೇವರೋ ಕೇಳಿಸಿಕೊಂಡ. ಮೊದಲು ಸುಟ್ಟ ವಾಸನೆ. "ಒಲಿ ಮ್ಯಾಲ ಏನರೆ ಇಟ್ಟಿದ್ದೇನ?" ಎಂದು ಅತ್ತೆ ಮಗಳನ್ನು ಕೇಳಿದರು. ಒಲೆಯಲ್ಲ. ಷಡ್ಡಕನ ಪೆಟ್ಟಿಗೆಯ ಹಿಂದಿನಿಂದ ಊದಿನಕಡ್ಡಿಯ ಹಾಗೆ ಹೊಗೆಯೊಂದು ಎದ್ದು, ಯಂತ್ರ ಉಸಿರು ಬಿಟ್ಟಿತು.

ನಾನು ಮುಖವನ್ನು ಆದಷ್ಟು ದುಃಖದಿಂದ ಇಟ್ಟುಕೊಳ್ಳಲು ನೋಡಿದೆ. ಸಾಲಲಿಲ್ಲವೆಂದು ಕಾಣುತ್ತದೆ, ಹೆಂಡತಿ ಹಿಂದಿನಿಂದ ಚಿವುಟಿದಳು.

ಆಗ ಅತ್ತೆ ಮಾತಾಡಿದರು. ನಮಗಲ್ಲ, ಸೆರಗಿನಲ್ಲಿದ್ದ ಕ್ಯಾಸೆಟ್ಟಿಗೆ ಹೇಳಿದಂತೆ. "ಹೋಗ್ಲಿ ಬಿಡ್ರಿ. ಇಷ್ಟ್ ದಿನ ಕಣ್ ಮುಚ್ಚಿದ್ರ ಕಾಣ್ತಿದ್ಲು ನಮ್ಮವ್ವ. ಇನ್ನೂ ಹಂಗ ಕಾಣ್ತಾಳ." ಹೇಳಿ, ಒಳಗೆ ಅಡುಗೆಮನೆಗೆ ನಡೆದುಬಿಟ್ಟರು.

ನನ್ನ ಖುಷಿ ಅಲ್ಲಿಗೆ ಇಳಿಯಿತು. ಷಡ್ಡಕ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಇಬ್ಬರೂ ತಿರುಪುಮೊಳೆ ಬಿಚ್ಚತೊಡಗಿದೆವು.

ಅವನ ಎಸ್‌ಎಂಪಿಎಸ್ ಹೊರಗೆ ತೆಗೆದಾಗ ಕಾವಿಗೆ ಆ ಉದ್ದ ಚೀಟಿಯ ಮೂಲೆ ಎದ್ದಿತ್ತು. ಎಳೆದರೆ ಕೆಳಗೆ ಇನ್ನೊಂದು ಚೀಟಿ. ಅದರಲ್ಲಿ ಬರೆದದ್ದು ಮೇಲಿನದರ ಅರ್ಧಕ್ಕೂ ಸಾಲದು. ಸಣ್ಣಕ್ಷರವನ್ನೂ ಬಿಡದೆ ಓದಿದವನು ಕಾಗದವನ್ನು ಉಗುರಿನಿಂದ ಕೆರೆದು ನೋಡಿರಲಿಲ್ಲ.

"ಏನ್ರೀ ಸಾಹೇಬ್ರ, ಪಾಲಿಸಿ ಕೆಳಗ ಪಾಲಿಸಿ?" ಎಂದೆ.

"ನಿಮ್ದ ಬಿಚ್ಚರಿ ಅಣ್ಣಾರ," ಎಂದ ಅವನು ಮೆಲ್ಲಗೆ.

ನನ್ನದನ್ನು ಬಿಚ್ಚಿದೆ. ಮುಚ್ಚಳ ಎತ್ತಿದರೆ ಒಳಗೆ ಎರಡು ಬಡಕಲು ಸುರುಳಿ, ಅಷ್ಟೇ. ಹಾಗಾದರೆ ಆ ತೂಕ? ತಳದಲ್ಲಿ, ಅಂಚಿನಿಂದ ಅಂಚಿಗೆ, ಗೋಡೆಗೆ ಗಿಲಾವು ಮಾಡಿದ ಹಾಗೆ, ಒಂದೇ ಮಟ್ಟದಲ್ಲಿ ಸಿಮೆಂಟು ಹಾಸಿದ್ದರು!

ಮಾವ ಎಷ್ಟು ನಕ್ಕರೆಂದರೆ ಬಾವುಟ ಕೈಯಿಂದ ಬಿತ್ತು. ನಾನು ಒಂದು ಮಾತು ಅಲ್ಲೇ ಸ್ಪಷ್ಟಪಡಿಸಿದೆ, ಇಲ್ಲೂ ಸ್ಪಷ್ಟಪಡಿಸುತ್ತೇನೆ. ನನ್ನ ಕೈ ತೂಕದಲ್ಲಿ ತಪ್ಪಿರಲಿಲ್ಲ. ಭಾರ ಇತ್ತು, ನಾನು ಭಾರ ಎಂದೆ. ಕಲ್ಲಾಗಿದ್ದರೆ ವಾಲುತ್ತಿತ್ತು, ಹಿಡಿಯುತ್ತಿದ್ದೆ. ಆ ಪುಣ್ಯಾತ್ಮ ಯಾರೋ, ವಾಲದಂತೆ ಸಮನಾಗಿ ಸುರಿದಿದ್ದ. ಜೀವಮಾನವೆಲ್ಲ ಜನರಿಗೆ ಟೋಪಿ ಹಾಕಿದ ನನಗೆ ಅಷ್ಟು ಅಚ್ಚುಕಟ್ಟಾದ ಟೋಪಿ ಹೊಳೆದಿರಲಿಲ್ಲ. ಷಡ್ಡಕನ ಮೇಲಿನಷ್ಟೇ ಅವನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ನಗು ಮುಗಿದ ಮೇಲೆ ಮಾವ ಕಣ್ಣೊರೆಸಿಕೊಂಡು ಗಾರ್ಡ್ ಆದರು. "ಸೇತುವೆ ಕಚ್ಚಾ ಇದ್ರ ಏನ್ ಮಾಡ್ತೀವಿ ಗೊತ್ತೈತೇನ್ರಿ? ಗಾಡಿ ನಿಲ್ಲಸಂಗಿಲ್ಲ. ಸ್ಪೀಡ್ ಇಳಸ್ತೀವಿ. ಮೆಲ್ಲಗ ದಾಟಸ್ತೀವಿ. ನೀವಿಬ್ರೂ ಜಿದ್ದಿಗೆ ಬಿದ್ದು ಏರಿಸಿದ್ದನ್ನ ಇಳಸ್ರಿ ಮೊದ್ಲ."

ಷಡ್ಡಕನ ಎಸ್‌ಎಂಪಿಎಸ್ ಸುಟ್ಟುಹೋಗಿತ್ತು. ಉಳಿದದ್ದು ನನ್ನ ಯಂತ್ರ, ಸಿಮೆಂಟು ಸಮೇತ. 'ಗೆದ್ದೆ' ಎಂದುಕೊಂಡು ಕುರ್ಚಿಗೆ ಹೋಗಿ ಕೂತೆ. ಕೂತ ಮೇಲೆ ನೆನಪಾಯಿತು, ಏರಿಸಿದ್ದು ಅಂಗಡಿಯವನು, ಇಳಿಸುವುದು ನನಗೆ ಗೊತ್ತಿಲ್ಲ. ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಬಿಟ್ಟುಕೊಡುವಾಗಿನ ನೋವು ಬರೆದರೆ ತಿಳಿಯುವಂಥದ್ದಲ್ಲ. ಷಡ್ಡಕ ಕೂತು ನೀಲಿ ಪರದೆಯಲ್ಲಿ ಏನೇನೋ ಒತ್ತಿ ವೇಗವನ್ನು ಕಂಪನಿಯ ಲೆಕ್ಕಕ್ಕೆ ಇಳಿಸಿದ. "ಚಿತ್ರ ಸ್ವಲ್ಪ ಸಣ್ಣದ ಇಡೂಣ್ರಿ. ಕೆಲಸ ಹಗುರ ಆಗ್ತದ," ಎಂದ.

ಮಾವ ಮತ್ತೆ ಟ್ರಯಲ್ ಆಗಲೇಬೇಕೆಂದರು. ಈ ಸಲ ಯಂತ್ರ ನಿಲ್ಲಲಿಲ್ಲ. ಹಾಗಾಗಿ ಆ ನಾಟಕವನ್ನು ನಾವು ಮಂಗಳದವರೆಗೂ ನೋಡಬೇಕಾಯಿತು. ನಮಗೆ ಅಷ್ಟು ಶಿಕ್ಷೆ ಆಗಬೇಕಾದದ್ದೇ.

ಹೆಂಡತಿ ಹೋಗಿ ಅತ್ತೆಯನ್ನು ಕರೆತಂದಳು. ಫ್ಯಾನು ಆರಿಸಿದೆವು, ಫ್ರಿಜ್ಜಿನ ಪ್ಲಗ್ ಕಿತ್ತೆವು, ಮಿಕ್ಸರ್ ಮುಟ್ಟಿದರೆ ನೋಡು ಎಂದು ನಾದಿನಿಗೆ ಹೇಳಿದೆವು. ಅತ್ತೆ ಕ್ಯಾಸೆಟ್ಟನ್ನು ಕಣ್ಣಿಗೊತ್ತಿಕೊಂಡು ತಾವೇ ವಿಸಿಆರ್‌ಗೆ ತೂರಿಸಿದರು. ನಾನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಂತೆ, ಕಾವು ಏರಿದರೆ ತಿಳಿಯಲಿ ಎಂದು. ಷಡ್ಡಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬೂಸಿನ ಬಿಳಿ ಗೆರೆಗಳು ಹರಿದುಹೋದವು. ಅಕ್ಷತೆ ಬಿತ್ತು. ನಾನು ತೆಳ್ಳಗೆ, ಚೆಲುವನಾಗಿ, ಬಾಸಿಂಗ ಕಟ್ಟಿಕೊಂಡು ಕೂತಿದ್ದೆ. ಯಾರೂ ನನ್ನನ್ನು ನೋಡಲಿಲ್ಲ.

ಆಮೇಲೆ ಮುದುಕಿ ಬಂದಳು.

ಹೆಂಗಸರ ಗುಂಪಿನಲ್ಲಿ, ಬಾಯಿಯಲ್ಲಿ ಎಲೆ ಅಡಿಕೆ, ಕೈ ತಾಳ ಹಾಕುತ್ತಿತ್ತು. ನಮ್ಮ ಕಡೆ ಮದುವೆಯಲ್ಲಿ ಬೀಗರನ್ನೂ ಅಳಿಯನನ್ನೂ ಕಾಡಿಸಿ ಹಾಡುತ್ತಾರೆ. ಅವಳು ಹಾಡಿದ್ದು ನೆನಪಿತ್ತು, ಏನು ಹಾಡಿದಳೆಂಬುದು ನನಗೆ ಮರೆತೇಹೋಗಿತ್ತು. ಅವಳು ದನಿ ಎತ್ತಿದಳು:

ಬೆಲ್ಲದ ಪ್ಯಾಟ್ಯಾಂವ ಬಲ್ಲಿದ ನಮ್ಮಳಿಯ
ಕೈಯಾಗ ತೂಗಿ ತೂಕ ಹೇಳ್ತಾನ, ಅರಿವ್ಯಾಗ
ಕಲ್ ಕಟ್ಟಿ ಕೊಟ್ರೂ ಸವಿ ಅಂತಾನ

ಪರದೆಯೊಳಗಿನ ಹೆಂಗಸರೆಲ್ಲ ಗೊಳ್ಳೆಂದರು. ಪರದೆಯ ಹೊರಗೆ ಎಲ್ಲರೂ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಎಸ್‌ಎಂಪಿಎಸ್ ಮುಚ್ಚಳವನ್ನೂ ನನ್ನನ್ನೂ ನೋಡಿದರು. ಮುಂದಿನದು ಹೇಳುವುದು ಬೇಡ. ನಾದಿನಿ ನೆಲದ ಮೇಲೇ ಕೂತುಬಿಟ್ಟಳು. ನಗದೆ ಇದ್ದವರು ಇಬ್ಬರೇ. ಅತ್ತೆ ಎರಡೂ ಕೈ ಗಲ್ಲಕ್ಕಿಟ್ಟುಕೊಂಡು, "ಯವ್ವಾ, ಎಷ್ಟ್ ಚೆಂದ ಹಾಡ್ತೀಯವ್ವ," ಎಂದು ಅವಳಿಗೇ ಕೇಳಿಸುವಂತೆ ಹೇಳುತ್ತಿದ್ದರು. ಇನ್ನೊಬ್ಬ ಷಡ್ಡಕ. ಹಾಡು ಮುಗಿದು ಬೇರೆ ದೃಶ್ಯ ಬಂದರೂ ಅವನು ಹಾಗೇ ನೋಡುತ್ತಿದ್ದ.

"ನನ್ನ ಮದಿವ್ಯಾಗ ಅಜ್ಜಿ ಇರ್ಲಿಲ್ರಿ," ಎಂದ ಕೊನೆಗೆ, ಯಾರಿಗೂ ಅಲ್ಲ ಎಂಬಂತೆ. "ನನ್ನ ಮ್ಯಾಲ ಯಾರೂ ಹಾಡ್ಲೇ ಇಲ್ಲ."

ಕ್ಯಾಸೆಟ್ಟು ಕೊನೆಯವರೆಗೆ ಇಳಿಯಿತು. ಹೊರಗೆ ತೆಗೆದಾಗ ಟೇಪು ಸುಕ್ಕಾಗಿ ಒಂದು ಕಡೆ ಹರಿದೇಹೋಗಿತ್ತು. ಆದರೆ ಮುದುಕಿ ಈಚೆ ದಾಟಿಯಾಗಿತ್ತು.

ಆವತ್ತು ಊಟಕ್ಕೆ ಕೂರುವಾಗ ಬಿಸಿಲು ಇಳಿದಿತ್ತು. ಹೋಳಿಗೆ ತಣ್ಣಗಾಗಿತ್ತು. ಮಾವ ಗಿಂಡಿ ಹಿಡಿದು ಬಂದರು. ನನ್ನ ಯಂತ್ರ, ನನ್ನ ಮದುವೆ, ನನ್ನ ಹಾಡು, ಇನ್ನೇನು ಬೇಕು? ಹೋಳಿಗೆಯಲ್ಲಿ ಕುಳಿ ಮಾಡಿ ಕಾದೆ. ಗಿಂಡಿ ನನ್ನ ಎಲೆ ದಾಟಿತು. "ಪಾಪ, ಇವ್ರದ ಸುಟ್ಟ ಹೋತು," ಎಂದು ಮಾವ ಷಡ್ಡಕನ ಎಲೆಗೆ ಧಾರೆ ಬಿಟ್ಟರು.

ಜಗಳ ತೆಗೆಯಲೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಪಡಸಾಲೆಯಲ್ಲಿ ಅತ್ತೆ, ನಾಲ್ಕನೆಯ ಸಲವೋ ಐದನೆಯ ಸಲವೋ, ಮಗಳಿಂದ ಅದನ್ನೇ ಮತ್ತೆ ಹಚ್ಚಿಸಿದರು. ಬೆಲ್ಲದ ಪ್ಯಾಟ್ಯಾಂವ ಬಲ್ಲಿದ ನಮ್ಮಳಿಯ ಎಂದು ಮುದುಕಿ ಎತ್ತಿಕೊಂಡಳು. ಷಡ್ಡಕನ ಕೈ ಹೋಳಿಗೆಯ ಮೇಲೆ ನಿಂತುಹೋಯಿತು. ತುಪ್ಪ ಹರಿದು ಎಲೆಯಂಚಿಗೆ ಹೋಗುತ್ತಿತ್ತು, ಅವನಿಗೆ ಗಮನವಿಲ್ಲ. ಕಿವಿ ಪಡಸಾಲೆಯ ಕಡೆಗಿತ್ತು, ಕಣ್ಣು ನನ್ನ ಮೇಲೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಪ್ರತಿ ರವಿವಾರ ಅದನ್ನು ಹೊತ್ತುಕೊಂಡು ಪುಣೆಗೆ ಮರಳುತ್ತಿದ್ದವನೇ ನಾನು.

"ಅಣ್ಣಾರ, ನಿಮ್ಮ ಹಾಡು," ಎಂದ.

"ಹೌದ್ರಿ, ನನ್ನ ಹಾಡು," ಎಂದೆ. ಮಾವ ತುಪ್ಪ ತರುವುದನ್ನು ಕಾಯಲಿಲ್ಲ. ಒಣ ಹೋಳಿಗೆಯನ್ನೇ ಮುರಿದು, ಅವನಿಗೆ ಚೆನ್ನಾಗಿ ಕಾಣುವ ಹಾಗೆ ಚಪ್ಪರಿಸಿ ಚಪ್ಪರಿಸಿ ತಿಂದೆ.